ಶನಿವಾರದ ದೋಷ

ಬಿರುಗಾಳಿ ಶುರುವಾಗಿ ಎರಡು ನಿಮಿಷವೂ ಆಗಿರಲಿಲ್ಲ, ಪರದೆ ಮತ್ತೆ ಕಪ್ಪಾಯಿತು. ಮೊದಲು ಅಲೆಗಳು ನಿಂತವು. ಹಡಗಿನ ಹಾಯಿ ಅರ್ಧ ಹರಿದಲ್ಲಿಯೇ ನಿಂತಿತು. ಹೆಡ್‌ಫೋನಿನೊಳಗಿನ ಮಳೆಯ ಸದ್ದು ಒಂದೇ ಉದ್ದನೆಯ ಕರ್ಕಶ ಸ್ವರವಾಗಿ ಎಳೆದುಕೊಂಡು ಹೋಗಿ ಥಟ್ಟನೆ ತುಂಡಾಯಿತು. ಮೇಜಿನ ಕೆಳಗಿದ್ದ ಕಂಪ್ಯೂಟರಿನ ಪೆಟ್ಟಿಗೆ ಒಂದು ಗಳಿಗೆ ಉಸಿರು ಕಟ್ಟಿದಂತೆ ಸುಮ್ಮನಾಗಿ, ಆಮೇಲೆ ಏನೂ ನಡೆದೇ ಇಲ್ಲವೆಂಬಂತೆ ತಾನೇ ತಾನಾಗಿ ಶುರುವಾಗತೊಡಗಿತು. ಅವನು ಕೀಲಿಮಣೆಯ ಮೇಲಿನ ಕೈ ತೆಗೆಯದೆ ಕೂತಿದ್ದ. ಕಪ್ಪು ಗಾಜಿನ ಮೇಲೆ ಒಂದು ಬೆರಳಿನ ಗುರುತು ಎದ್ದು ಕಾಣುತ್ತಿತ್ತು. ಯಾವಾಗಲೋ ಒಂದು ದ್ವೀಪ ಕಂಡ ಖುಷಿಯಲ್ಲಿ, 'ನೋಡು, ಅಲ್ಲಿ' ಎಂದು ಅವನೇ ಬೆರಳಿಟ್ಟು ತೋರಿಸಿದ್ದು. ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿಯಾಚೆ ಇನ್ನೊಂದು ಪರದೆಯ ಮುಂದೆ ಕೂತಿರುವವಳಿಗೆ ತನ್ನ ಬೆರಳು ಹೇಗೆ ಕಾಣುತ್ತದೆ ಎಂದು ಆಗ ಹೊಳೆದಿರಲಿಲ್ಲ.

ಫೋನು ಬಡಿದುಕೊಂಡಿತು.

"ಇದೀರಾ?"

"ಇದೀನಿ. ಮತ್ತೆ ಹೋಯ್ತು."

"ಗೊತ್ತಾಯ್ತು. ಚುಕ್ಕಾಣಿ ಹಿಡ್ಕೊಂಡು ನಿಂತಿದ್ರಿ, ನೋಡ್ತಾ ನೋಡ್ತಾ ಇಲ್ಲ. ನಾನೊಬ್ಳೇ ಹಾಯಿ ನೋಡ್ಲಾ, ಚುಕ್ಕಾಣಿ ನೋಡ್ಲಾ? ಮುಳುಗಿದೆ."

"ಸಾರಿ."

"ಸಾರಿ ಯಾಕೆ? ನೀವೇನು ಬೇಕು ಅಂತ ಹೋದ್ರಾ?"

ಅವಳು ಸುಮ್ಮನೆ ಅಂದದ್ದು. ಆದರೂ ಅವನಿಗೆ ಅದು ತಾಗಿತು. ಅವಳಿಗೆ ಏಳು ವರ್ಷವಾಗಿದ್ದಾಗ ಅವನು ಅವಳ ತಾಯಿಯನ್ನು ಮದುವೆಯಾದ. ಹದಿನೈದಾಗಿದ್ದಾಗ ಆ ಮನೆ ಬಿಟ್ಟ. ಬಿಟ್ಟ ದಿನ ಮಂಗಳವಾರ. ಅವಳು ಶಾಲೆಯಿಂದ ಬರುವುದು ಐದು ಗಂಟೆಗೆ ಎಂದು ಗೊತ್ತಿದ್ದೇ ನಾಲ್ಕಕ್ಕೆ ಎರಡು ಸೂಟ್‌ಕೇಸ್ ಬಾಗಿಲಿಗೆ ತಂದಿಟ್ಟುಕೊಂಡಿದ್ದ. ಎಂಟು ವರ್ಷ ಜಡೆ ಹಾಕಲು ಕಲಿತು, ಜ್ವರದಲ್ಲಿ ಎದ್ದು ಕೂತು, ಲೆಕ್ಕದಲ್ಲಿ ತಲೆಕೆಡಿಸಿಕೊಂಡವನು ಐದು ನಿಮಿಷದ ಮಾತಿಗೆ ಹೆದರಿ ಒಂದು ಗಂಟೆ ಮೊದಲೇ ಹೊರಟುಬಿಟ್ಟಿದ್ದ. ಅವಳು ಮೊದಮೊದಲು ಅವನನ್ನು ಅಂಕಲ್ ಎನ್ನುತ್ತಿದ್ದಳು. ಆಮೇಲೆ ಅದೂ ಸರಿಹೋಗಲಿಲ್ಲವೇನೋ, ಕರೆಯುವುದನ್ನೇ ಬಿಟ್ಟಳು. 'ಬಂದ್ರಾ', 'ಕೇಳಿಸ್ತಾ', 'ಇದೀರಾ'. ಅವಳ ಬಾಯಲ್ಲಿ ಅವನಿಗೆ ಇದ್ದದ್ದು ಕ್ರಿಯಾಪದಗಳು ಮಾತ್ರ. ಅವನು ಹೋಗಿ ಒಂದೂವರೆ ವರ್ಷದ ಮೇಲೆ ಒಂದು ಸಂದೇಶ ಬಂದಿತ್ತು: 'ಒಂದು ಹಡಗಿನ ಆಟ ಇದೆ. ಇಬ್ಬರು ಬೇಕು. ನನ್ನ ಫ್ರೆಂಡ್ಸ್ ಯಾರಿಗೂ ಇಷ್ಟ ಇಲ್ಲ. ಬರ್ತೀರಾ?' ಕಂಪ್ಯೂಟರ್ ಆಟವೆಂದರೆ ಏನೆಂದೇ ತಿಳಿಯದವನು ಮರುದಿನವೇ ಅದಕ್ಕೆ ತಕ್ಕ ಯಂತ್ರ ತರಿಸಿದ್ದ. ಅಂದಿನಿಂದ ಪ್ರತಿ ಶನಿವಾರ ಸಂಜೆ ನಾಲ್ಕಕ್ಕೆ ಇಬ್ಬರೂ ಹಡಗು ಹತ್ತುತ್ತಿದ್ದರು. ಅವಳು ಕಪ್ತಾನ. ಆಟದಲ್ಲಿ ಅವನಿಗೆ ಅವಳಿಟ್ಟ ಹೆಸರು ಗೂಬೆ, ತಲೆಗೂ ಒಂದು ಗೂಬೆ ಟೋಪಿ. ನಾಲ್ಕು ವರ್ಷಗಳಲ್ಲಿ ಅವರಾಡಿದ ಮಾತನ್ನೆಲ್ಲ ಒಟ್ಟು ಮಾಡಿದರೆ ಎಡಕ್ಕೆ, ಬಲಕ್ಕೆ, ಹಾಯಿ ಇಳಿಸಿ, ಮುಂದೆ ಬಂಡೆ. ಆರಕ್ಕೆ ದಡ ಮುಟ್ಟಿಸಿ, 'ಸರಿ, ಮುಂದಿನ ವಾರ' ಎಂದು ಅವಳು ಮಾಯವಾಗುತ್ತಿದ್ದಳು.

"ಇದು ಮೂರನೇ ಸಲ," ಎಂದಳು ಅವಳು ಫೋನಿನಲ್ಲಿ. "ಯಾವುದೋ ಒಂದು ಪಾರ್ಟ್ ಕೆಟ್ಟಿದೆ. ಹುಡುಕೋಣ. ಕಾಲೇಜಲ್ಲಿ ನಮಗೆ ಭೂಮಿ ಅಳೆಯೋದು ಕಲಿಸೋ ಸರ್ವೆ ಮೇಷ್ಟ್ರು ಹೇಳ್ತಾರೆ, ಒಂದು ಸಲಕ್ಕೆ ಒಂದೇ ಬದಲಾಯಿಸ್ಬೇಕು, ಎರಡು ಬದಲಾಯಿಸಿದ್ರೆ ತಪ್ಪು ಎಲ್ಲಿತ್ತು ಅಂತ ಸಾಯೋವರೆಗೂ ಗೊತ್ತಾಗಲ್ಲ ಅಂತ. ಸ್ಕ್ರೂಡ್ರೈವರ್ ಇದೆಯಾ?"

ಇತ್ತು. ಅವನು ನೆಲದ ಮೇಲೆ ಹಳೆಯ ಟವೆಲ್ ಹಾಸಿ, ಪೆಟ್ಟಿಗೆಯನ್ನು ಮಲಗಿಸಿ, ಪಕ್ಕದ ತಗಡು ಬಿಚ್ಚಿದ. ಫೋನನ್ನು ಸ್ಪೀಕರಿಗೆ ಹಾಕಿ ಮೊಣಕಾಲಿನ ಬಳಿ ಇಟ್ಟುಕೊಂಡ. ಒಳಗೆ ನಾಲ್ಕು ವರ್ಷದ ಧೂಳು ಬೂದು ಬಣ್ಣದ ಉಣ್ಣೆಯ ಹಾಗೆ ಹೆಪ್ಪುಗಟ್ಟಿತ್ತು. ಅವಳು ಅಲ್ಲಿಂದ ಹೇಳಿದಂತೆ ಇವನು ಇಲ್ಲಿ ಬಣ್ಣ ಹಚ್ಚುವ ಕುಂಚದಿಂದ ಫ್ಯಾನಿನ ಒಂದೊಂದೇ ರೆಕ್ಕೆ ಒರೆಸಿದ. ಅದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಕೈ ಕೆಲಸ ಮಾಡುತ್ತಿರುವಾಗ ಮಾತಿಗೆ ಏನಾದರೂ ಬೇಕಲ್ಲ, ಅವಳು ಸುಮ್ಮನೆ ಏನೇನೋ ಹೇಳುತ್ತ ಹೋದಳು. ಕಾಲುಳುಕಿದ್ದು, ಬಿಸಿಲಿನಲ್ಲಿ ಅಳತೆ ಕೋಲು ಹಿಡಿದು ನಿಂತು ಕುತ್ತಿಗೆ ಸುಟ್ಟದ್ದು, ಅಮ್ಮ ಹೊಸ ಕನ್ನಡಕದಲ್ಲಿ ಬ್ಯಾಂಕ್ ಮ್ಯಾನೇಜರಿನಂತೆ ಕಾಣುವುದು. ನಡುನಡುವೆ ಚಮಚ ಬಟ್ಟಲಿಗೆ ತಾಗುವ ಸದ್ದು, ನಲ್ಲಿ ತಿರುಗಿಸಿದ ಸದ್ದು. ಅವಳಿರುವ ಕೋಣೆಗೆ ಕಿಟಕಿ ಎಡಗಡೆಯಿದೆ, ಕೆಳಗೆ ಬೀದಿಯಿದೆ, ಕುರ್ಚಿಯ ಒಂದು ಕಾಲು ಗಿಡ್ಡ ಎಂದು ಅವನಿಗೆ ಆವತ್ತು ಗೊತ್ತಾಯಿತು. ಕಿವಿ ಅವನ ಕಸುಬು. ಆಸ್ಪತ್ರೆಯಲ್ಲಿ ಅವನು ಕಿವಿ ಪರೀಕ್ಷೆ ಮಾಡುವವನು. ಆದರೂ ಯಾರೋ ಒಬ್ಬರು ಉಣ್ಣುತ್ತ ಮಾತಾಡುವುದನ್ನು ಅಷ್ಟು ಹತ್ತಿರದಿಂದ ಕೇಳಿ ಎಷ್ಟು ಕಾಲವಾಗಿತ್ತು ಎಂದು ಅವನು ಎಣಿಸಲು ಹೋಗಲಿಲ್ಲ.

ಧೂಳು ಹೋದರೂ ಬಿರುಗಾಳಿಯಲ್ಲಿ ಯಂತ್ರ ಮತ್ತೆ ಸತ್ತಿತು. ಮರುವಾರ ಶಾಖದ ಸರದಿ. ಯಂತ್ರದ ಒಳಗಿನ ಉಷ್ಣತೆ ತೋರಿಸುವ ಒಂದು ಪ್ರೋಗ್ರಾಂ ಹಾಕಿಸಿದಳು. ಅರವತ್ತೆಂಟು, ಎಪ್ಪತ್ತು, ಎಪ್ಪತ್ತೆರಡು. "ಅದು ಜ್ವರ ಅಲ್ಲ, ಬರೀ ಆಯಾಸ," ಎಂದಳು. ಆಮೇಲೆ ಚಿತ್ರ ಮೂಡಿಸುವ ಕಾರ್ಡಿನ ಪರೀಕ್ಷೆ. ಪರದೆಯ ಮೇಲೆ ಒಂದು ರೋಮದ ಉಂಗುರ ಸುಮ್ಮನೆ ತಿರುಗುತ್ತಿರುತ್ತದೆ, ಕಾರ್ಡು ಕೆಟ್ಟಿದ್ದರೆ ಅರ್ಧ ಗಂಟೆಯೊಳಗೆ ಅದು ಚೂರುಚೂರಾಗಿ ಹರಿಯಬೇಕು. ಅದು ಹರಿಯಲಿಲ್ಲ. ಇಬ್ಬರೂ ಎರಡು ಊರಲ್ಲಿ ಕೂತು ಏನಾದರೂ ಕೆಡಲಿ ಎಂದು ಕಾದರು. ಮೂವತ್ತನೆಯ ನಿಮಿಷದಲ್ಲಿ ಅವಳು, "ಒಂದು ವಿಷಯ ಹೇಳ್ತೀನಿ, ಅಮ್ಮಂಗೆ ಹೇಳ್ಬೇಡಿ," ಎಂದಳು.

"ನಾನೆಲ್ಲಿ ಹೇಳೋದು?"

"ಅದೂ ಸರಿ," ಎಂದು ನಕ್ಕಳು. ಕಾಲೇಜಿನ ಅಳತೆ ಯಂತ್ರವೊಂದನ್ನು ಅವಳು ಗುಡ್ಡದ ಮೇಲೆ ನಿಲ್ಲಿಸಿ ನೀರು ಕುಡಿಯಲು ಹೋಗಿದ್ದಳು, ಗಾಳಿಗೆ ಅದು ಉರುಳಿ ಕಂದಕಕ್ಕೆ ಬಿತ್ತು. ಎಲ್ಲರ ಎದುರು ಮೇಷ್ಟ್ರು ಏನೂ ಬೈಯಲಿಲ್ಲ, ಟೋಪಿ ತೆಗೆದು ತಲೆ ಒರೆಸಿಕೊಂಡರು ಅಷ್ಟೆ. "ಬೈದಿದ್ರೆ ಚೆನ್ನಾಗಿತ್ತು. ಆ ತಲೆ ಒರೆಸ್ಕೊಂಡಿದ್ದು ಇನ್ನೂ ಕಣ್ಮುಂದೆ ಬರುತ್ತೆ." ಅವನು ಸಮಾಧಾನಕ್ಕೆ ಏನೋ ಹೇಳಿದ. ಏನು ಹೇಳಿದೆನೆಂದು ಆಮೇಲೆ ಅವನಿಗೇ ನೆನಪಿರಲಿಲ್ಲ. ಆದರೆ ಆ ವಾರವೆಲ್ಲ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ, ಆ ಕಂದಕ, ಆ ಯಂತ್ರ, ಆ ಟೋಪಿ ಅವನ ಜೊತೆಗಿದ್ದವು. ಇನ್ನೊಬ್ಬರ ಗುಟ್ಟು ಒಂದು ತನ್ನ ಹತ್ತಿರವಿದೆ ಎಂಬುದು ಜೇಬಿನಲ್ಲಿ ಬೆಚ್ಚಗಿನ ಏನೋ ಇದ್ದ ಹಾಗೆ ಅನಿಸುತ್ತಿತ್ತು.

ಮೂರನೆಯ ವಾರ ಕರೆಂಟಿನ ಪೆಟ್ಟಿಗೆ. ಗೋಡೆಯಿಂದ ಬರುವ ಕರೆಂಟನ್ನು ಒಳಗಿನ ಭಾಗಗಳಿಗೆ ಹಂಚುವುದು ಅದು. ಆಟದಲ್ಲಿ ಒಮ್ಮೆಲೇ ಬೇಡಿಕೆ ಏರಿದಾಗ ಅದು ಕೈಚೆಲ್ಲಿದರೂ ಯಂತ್ರ ಹೀಗೆಯೇ ಸಾಯುತ್ತದಂತೆ. ಬದಲಿಸಿ ನೋಡಲು ಇನ್ನೊಂದು ಬೇಕು. ಅವನು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಮೂರು ಬೀದಿಯಾಚೆಯ ರಿಪೇರಿ ಅಂಗಡಿಗೆ ಹೋದ. ಅಂಗಡಿಯವನು ದಪ್ಪ ಕನ್ನಡಕವನ್ನು ಹಣೆಗೇರಿಸಿ ವಿಚಾರಿಸಿದ.

"ಯಾವಾಗ ಆಫ್ ಆಗುತ್ತೆ ಸಾರ್?"

"ಗೇಮ್ ಆಡೋವಾಗ."

ಅಂಗಡಿಯಲ್ಲಿದ್ದ ಇನ್ನಿಬ್ಬರು ತಿರುಗಿ ನೋಡಿದರು. ಅಂಗಡಿಯವನು ಅವನ ನರೆತ ಕೂದಲು, ಇಸ್ತ್ರಿಯ ಅಂಗಿ, ಜೇಬಿನ ಆಸ್ಪತ್ರೆ ಗುರುತಿನ ಚೀಟಿ ಎಲ್ಲ ಒಮ್ಮೆ ನೋಡಿದ. "ಯಾರು, ನೀವು ಆಡ್ತೀರಾ?"

"ಇಲ್ಲ... ಜೊತೆಗೆ. ಒಬ್ಬಳು ಹುಡುಗಿ ಇದಾಳೆ."

ಹಾಗಂದ ಕೂಡಲೇ ಆ ಇಬ್ಬರ ತುಟಿಯಂಚಿನಲ್ಲಿ ಏನೋ ಸರಿದಾಡಿದ್ದು ಕಂಡಿತು. ಅವನ ಕಿವಿ ಬಿಸಿಯಾಯಿತು. ಅಂಗಡಿಯವನೇ ಉಪಕಾರ ಮಾಡುವವನಂತೆ, "ಮಗಳಾ?" ಎಂದ. ಅವನು ತಲೆಯಾಡಿಸಿದ. ಹೌದೆಂಬಂತೆಯೂ ಇರದೆ, ಇಲ್ಲವೆಂಬಂತೆಯೂ ಇರದೆ ಆಡಿಸಿದ. "ಹಾಗನ್ನಿ ಮತ್ತೆ. ಯಾವ ಯಾವ ದಿನ ಕೆಡುತ್ತೆ?" "ಶನಿವಾರ." "ಬರೀ ಶನಿವಾರ? ಹಾಗಿದ್ರೆ ಇದು ನನ್ನ ಕೈಲಿ ಆಗಲ್ಲ ಸಾರ್, ಜೋಯಿಸರ ಹತ್ರ ಹೋಗಿ," ಎಂದು ಅವನು ನಕ್ಕಾಗ ಆ ಇಬ್ಬರೂ ನಕ್ಕರು, ಅವನೂ ನಕ್ಕ. ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಒಂದು ಕರೆಂಟಿನ ಪೆಟ್ಟಿಗೆಯನ್ನು ಅಂಗಡಿಯವನು ಜೋಡಿಸಿ, ಸೋಮವಾರ ವಾಪಸ್ ತನ್ನಿ ಎಂದು ಕೊಟ್ಟ. ಮನೆಗೆ ಬರುವಾಗ ತೋಳು ನೋಯುತ್ತಿದ್ದವು. ತಲೆಯಾಡಿಸಿದ್ದೇ ಮನಸ್ಸಿನಲ್ಲಿ ಕೊರೆಯುತ್ತಿತ್ತು. ತನ್ನದಲ್ಲದ್ದನ್ನು ಎತ್ತಿಕೊಂಡು ಬಂದವನ ಹಾಗೆ ಅವನು ಗೋಡೆಯ ಪಕ್ಕ ಪಕ್ಕದಲ್ಲೇ ನಡೆದ.

ಶನಿವಾರ ಆ ಪೆಟ್ಟಿಗೆಯಿದ್ದೂ ಹಡಗು ಮುಳುಗಿತು. "ಹಾಗಾದ್ರೆ ಮೆಮೊರಿ," ಎಂದಳು ಅವಳು. "ಒಳಗೆ ಎರಡು ಉದ್ದ ಪಟ್ಟಿ ಇದಾವಲ್ಲ, ಅದರಲ್ಲಿ ಒಂದು. ಆದ್ರೆ ಆ ಟೆಸ್ಟಿಗೆ ಗಂಟೆಗಟ್ಟಲೆ ಬೇಕು. ವಾರದಲ್ಲಿ ಯಾವಾಗಾದ್ರೂ ಹಾಕಿಟ್ಟು ಕೆಲಸಕ್ಕೆ ಹೋಗಿ, ಬಂದು ನೋಡಿ. ಕೆಂಪು ಸಾಲು ಬಂದಿದ್ರೆ ಕೆಟ್ಟಿದೆ ಅಂತ."

ಬುಧವಾರ ಬೆಳಿಗ್ಗೆ ಹಾಕಿಟ್ಟು ಹೋದ. ಸಂಜೆ ಬಂದು ಬಾಗಿಲು ತೆಗೆದಾಗ ಪರದೆಯ ತುಂಬ ಕೆಂಪು ಸಾಲು. ಚಪ್ಪಲಿಯನ್ನೂ ಬಿಡದೆ ಅವನು ಅದರ ಮುಂದೆ ನಿಂತ. ಒಂದು ಪಟ್ಟಿ ಕಿತ್ತು, ಇನ್ನೊಂದನ್ನೇ ಇಟ್ಟು ಪರೀಕ್ಷೆ ಹಾಕಿದ, ತಪ್ಪಿಲ್ಲ. ಅದನ್ನು ತೆಗೆದು ಮೊದಲಿನದ್ದನ್ನು ಅದೇ ಸೀಳಿಗೆ ಸಿಕ್ಕಿಸಿದ, ಹತ್ತು ನಿಮಿಷದಲ್ಲಿ ಕೆಂಪು. ಸೀಳು ಬದಲಿಸಿದರೂ ಅದೇ. ಸೀಳಿನದ್ದಲ್ಲ, ಪಟ್ಟಿಯದ್ದೇ ದೋಷ. ಬಿರುಗಾಳಿಗೆ ಬೇಕಾದ ನೀರು, ಮೋಡ, ಮಿಂಚು ಎಲ್ಲ ಒಟ್ಟಿಗೆ ಬಂದಾಗ ಜಾಗ ಸಾಲದೆ ಆ ಪಟ್ಟಿಯ ಹಾಳುಬಿದ್ದ ಮೂಲೆಯವರೆಗೂ ಹೋಗುತ್ತಿದ್ದವು. ಅಲ್ಲಿಗೆ ಹೋದದ್ದು ವಾಪಸ್ ಬರುತ್ತಿರಲಿಲ್ಲ. ಆಸ್ಪತ್ರೆಯಿಂದ ತಂದಿದ್ದ ಅಂಟುವ ಚುಕ್ಕಿಗಳು ಮೇಜಿನ ಡ್ರಾಯರಿನಲ್ಲಿದ್ದವು, ಬಲಗಿವಿಗೆ ಕೆಂಪು, ಎಡಗಿವಿಗೆ ನೀಲಿ. ಒಳ್ಳೆಯ ಪಟ್ಟಿಗೆ ನೀಲಿ, ಕೆಟ್ಟದ್ದಕ್ಕೆ ಕೆಂಪು ಅಂಟಿಸಿದ. ಹುಡುಗನ ಹಾಗೆ ಖುಷಿಯಾಯಿತು. ಫೋನ್ ತೆಗೆದು ಅವಳ ಹೆಸರಿನ ಮೇಲೆ ಬೆರಳಿಟ್ಟ.

ಬೆರಳು ಅಲ್ಲೇ ನಿಂತಿತು. 'ಸಿಕ್ಕಿತು' ಎನ್ನುತ್ತಾನೆ. 'ಅಬ್ಬ, ಸದ್ಯ' ಎನ್ನುತ್ತಾಳೆ. 'ಸರಿ ಹಾಗಾದ್ರೆ, ಶನಿವಾರ' ಎನ್ನುತ್ತಾಳೆ. ಶನಿವಾರ ಎಡಕ್ಕೆ, ಬಲಕ್ಕೆ, ಮುಂದೆ ಬಂಡೆ. ಚಮಚದ ಸದ್ದಿಲ್ಲ, ಕಂದಕವಿಲ್ಲ, ಕನ್ನಡಕದ ಅಮ್ಮನಿಲ್ಲ. ಅವನು ಫೋನನ್ನು ಮಗುಚಿಟ್ಟ. ಅಕ್ಕಿ ತೊಳೆದು ಒಲೆಯ ಮೇಲಿಟ್ಟ. ಒಂದು ಪಾವು ಹೆಚ್ಚೇ ಆಯಿತು. ಉಂಡು, ತಟ್ಟೆ ತೊಳೆದು, ಕೈ ಒರೆಸಿಕೊಂಡು ಬಂದು, ಬೇರೆ ಯಾರದೋ ಮನೆಯಲ್ಲಿ ಬೇರೆ ಯಾರದೋ ಯಂತ್ರಕ್ಕೆ ಕೈಹಾಕಿದವನಂತೆ, ಕೆಂಪು ಚುಕ್ಕಿಯ ಪಟ್ಟಿಯನ್ನು ನೀಲಿಯ ಪಕ್ಕ ಮತ್ತೆ ಸಿಕ್ಕಿಸಿದ. 'ಟಿಕ್' ಎಂದು ಕೂತಿತು.

"ಒಂದೂ ತಪ್ಪಿಲ್ಲ," ಎಂದ ಶನಿವಾರ.

"ಒಂದೂ ಇಲ್ವಾ? ಇಡೀ ದಿನ ಓಡಿಸಿದ್ರಾ?"

"ಇಡೀ ದಿನ."

"ವಿಚಿತ್ರ," ಎಂದಳು. ಆಮೇಲೆ ಎರಡು ಗಂಟೆ ಮಾತಾಡಿದಳು. ಮದರ್‌ಬೋರ್ಡ್ ಇರಬಹುದು, ಕೇಬಲ್ ಇರಬಹುದು, ಇದನ್ನು ಬಿಚ್ಚಿ, ಅದನ್ನು ಒತ್ತಿ. ಅವನು ಬಿಚ್ಚಿದ, ಒತ್ತಿದ. ನಡುವೆ ಅವಳು ಹಾಸ್ಟೆಲಿನ ಜಗಳ ಹೇಳಿದಳು. ಬೆಟ್ಟ ಹತ್ತಿ ಇಳಿಯುವ ಕೆಲಸ ತನ್ನ ಕೈಲಾಗುತ್ತದೋ ಇಲ್ಲವೋ ಎಂದು ಒಮ್ಮೊಮ್ಮೆ ಹೆದರಿಕೆಯಾಗುತ್ತದೆ ಎಂದಳು. ಅದರ ಮುಂದಿನ ವಾರವೂ ಹಾಗೆಯೇ ಆಯಿತು. ಅವನು ಅಷ್ಟು ಸುಖವಾಗಿದ್ದು, ತನಗೆ ತಾನೇ ಅಷ್ಟು ಹೊಲಸೆನಿಸಿದ್ದು ಎರಡೂ ಆಗಲೇ.

ಗುರುವಾರ ಆಸ್ಪತ್ರೆಗೆ ಒಬ್ಬ ಮುದುಕಿಯನ್ನು ಸೊಸೆ ಕರೆದುಕೊಂಡು ಬಂದಿದ್ದಳು. ಸದ್ದು ಬಾರದ ಪುಟ್ಟ ಕೋಣೆಯಲ್ಲಿ ಮುದುಕಿಯನ್ನು ಕೂರಿಸಿ, ಕೈಗೆ ಗುಂಡಿ ಕೊಟ್ಟು, 'ಎಷ್ಟು ಸಣ್ಣ ಸದ್ದು ಕೇಳಿದ್ರೂ ಒತ್ತಿ ಅಮ್ಮಾ' ಎಂದು ಗಾಜಿನ ಈಚೆ ಬಂದು ಕೂತ. ಅವನು ಸ್ವರ ಕಳಿಸುವ ಮೊದಲೇ ಅವಳು ಒತ್ತಿದಳು. ಕಳಿಸಿದಾಗ ಒತ್ತಲಿಲ್ಲ. ಸುಮ್ಮನಿದ್ದಾಗ ಮತ್ತೆ ಒತ್ತಿದಳು. ಇಪ್ಪತ್ತೈದು ವರ್ಷದಲ್ಲಿ ಇಂಥ ಸುಳ್ಳು ಒತ್ತುಗಳನ್ನು ಅವನು ಸಾವಿರ ಕಂಡಿದ್ದ, ಎಂದೂ ಸಿಟ್ಟಾದವನಲ್ಲ. ಆವತ್ತು ಬಾಗಿಲು ತೆಗೆದು, ಸೊಸೆಯ ಎದುರೇ, "ಕೇಳಿಸದೆ ಯಾಕೆ ಒತ್ತುತ್ತೀರಾ? ನನ್ನ ಟೈಮೂ ಹಾಳು, ನಿಮ್ಮ ಟೈಮೂ ಹಾಳು," ಎಂದು ಗದರಿಬಿಟ್ಟ. ಮುದುಕಿ ಅವನ ತುಟಿಯನ್ನೇ ನೋಡಿದಳು. ಸೊಸೆ ಚೀಟಿ ಮಾಡಿಸಲು ಆಚೆ ಹೋದ ಮೇಲೆ ಮೆಲ್ಲಗೆ, "ಕಿವಿ ಪೂರ್ತಿ ಹೋಗಿದೆ ಅಂತ ಗೊತ್ತಾದ್ರೆ ಮನೇಲಿ ಮಾತಾಡೋದೇ ಬಿಟ್ಬಿಡ್ತಾರಪ್ಪ. ಈಗ ಕೂಗಿಯಾದ್ರೂ ಹೇಳ್ತಾರೆ," ಎಂದಳು. ಅವನಿಗೆ ಅವಳ ಮುಖ ನೋಡಲಾಗಲಿಲ್ಲ. ಕಾಗದದ ಮೇಲೆ ಗೆರೆ ಎಳೆಯುತ್ತ, ಕಿವಿಯಂತ್ರ ಹಾಕಿದರೆ ಚೆನ್ನಾಗಿ ಕೇಳುತ್ತದೆ, ಯಾರೂ ಬಿಡುವುದಿಲ್ಲ ಎಂದು ಜೋರಾಗಿ ಹೇಳಿದ. ಯಾರಿಗೆ ಹೇಳಿದ್ದೋ.

ಆ ಶನಿವಾರ ಹಡಗು ಹತ್ತುವ ಬದಲು ಅವಳು ಫೋನೇ ಮಾಡಿದಳು. "ಇವತ್ತು ಆಟ ಬೇಡ. ನಾಳೆ ನಾನೇ ಬರ್ತೀನಿ. ಫ್ರೆಂಡ್ ಒಬ್ಬಳು ಹಳೇ ಬೋರ್ಡ್ ಕೊಟ್ಟಿದಾಳೆ. ಕಣ್ಣಲ್ಲಿ ನೋಡದೆ ಇದು ಬಗೆಹರಿಯಲ್ಲ."

"ಇಲ್ಲಿಗಾ?"

"ಮತ್ತೆಲ್ಲಿಗೆ? ಬೆಳಿಗ್ಗೆ ಬಸ್ಸಿಗೆ ಹೊರಟರೆ ಹನ್ನೊಂದಕ್ಕೆ ಬರ್ತೀನಿ. ಬರಬಾರ್ದಾ?"

"ಬಾ, ಬಾ," ಎಂದ. ಅವನ ಮನೆಗೆ ಅವಳು ಬಂದವಳೇ ಅಲ್ಲ. ಫೋನಿಟ್ಟ ಮೇಲೆ ಅವನು ನೆಲ ಒರೆಸಿದ, ದಿಂಬಿನ ಚೀಲ ಬದಲಿಸಿದ, ಎರಡನೆಯ ಕುರ್ಚಿಯ ಮೇಲಿದ್ದ ಪತ್ರಿಕೆಗಳ ರಾಶಿ ಕೆಳಗಿಳಿಸಿದ. ಪತ್ರಿಕೆ ಇಳಿಸಿದಾಗ ಆ ಕುರ್ಚಿಯ ಬಣ್ಣ ಬೇರೆಯೇ ಇದೆ ಎಂದು ಕಂಡಿತು. ಈಗಲೇ ಫೋನ್ ಮಾಡಿ, 'ಸಿಕ್ಕಿತು, ಮೆಮೊರಿಯದ್ದೇ, ಬರುವುದು ಬೇಡ' ಎಂದುಬಿಡಬಹುದು. ಅದಕ್ಕೆ ಒಂದು ನಿಮಿಷ ಸಾಕು. ಆದರೆ ಆಗ ಅವಳು ಬರುವುದಿಲ್ಲ. ಬೆಳಿಗ್ಗೆ ಎದ್ದು, ಚುಕ್ಕಿಯನ್ನಾದರೂ ಕೀಳೋಣವೆಂದು ತಗಡು ಬಿಚ್ಚಿ ಉಗುರು ತೂರಿಸಿದ್ದ, ಇನ್ನೂ ಹತ್ತು ಗಂಟೆಯಾಗಿರಲಿಲ್ಲ, ಕರೆಗಂಟೆ ಸದ್ದಾಯಿತು.

ಅವಳು ಮೊದಲಿನ ಬಸ್ಸಿಗೇ ಬಂದುಬಿಟ್ಟಿದ್ದಳು. ಅವನ ಭುಜದೆತ್ತರಕ್ಕಿದ್ದವಳು ಈಗ ಅವನಷ್ಟೇ ಎತ್ತರ. ಬಿಸಿಲಿಗೆ ಕಂದಿದ ಮುಖ, ಬೆನ್ನಿಗೊಂದು ಚೀಲ, ಕೈಯಲ್ಲಿ ರಟ್ಟಿನ ಡಬ್ಬಿ. ಇಬ್ಬರಿಗೂ ಕೈ ಏನು ಮಾಡಬೇಕೆಂದು ತೋಚಲಿಲ್ಲ. "ದಪ್ಪ ಆಗಿದೀರ," ಎಂದಳು. "ನೀನು ಉದ್ದ ಆಗಿದೀಯ," ಎಂದ. ಅವಳು ಕೋಣೆಯನ್ನು ಒಂದು ಸುತ್ತು ನೋಡಿದಳು. ಒಂದೇ ಲೋಟ, ಒಂದೇ ಟವೆಲ್, ಒಂದೇ ಛತ್ರಿ. "ಓ, ಬಿಚ್ಚೇ ಇಟ್ಟಿದೀರಾ," ಎಂದು ನೆಲದ ಮೇಲೆ ಚಕ್ಕಳ ಮಕ್ಕಳ ಹಾಕಿ ಕೂತು, ಫೋನಿನ ಟಾರ್ಚ್ ಹಾಕಿದಳು. ಟೀ ಮಾಡುತ್ತೇನೆಂದು ಅವನು ಅಡುಗೆಮನೆಗೆ ಹೋದ. ಸಕ್ಕರೆ ಹಾಕಿದೆನೋ ಇಲ್ಲವೋ ಎಂದು ಮತ್ತೆ ಹಾಕಿದ. ಆ ಕಡೆಯಿಂದ ಸದ್ದೇ ಇರಲಿಲ್ಲ. ಆಮೇಲೆ 'ಟಿಕ್' ಎಂದಿತು. ಆ ಸದ್ದು ಅವನಿಗೆ ಗೊತ್ತು.

ಟೀ ಹಿಡಿದು ಬಂದಾಗ ಅವಳ ಅಂಗೈಯಲ್ಲಿ ಪಟ್ಟಿಯಿತ್ತು. ಚುಕ್ಕಿಯ ಒಂದು ಅಂಚು ಎದ್ದಿತ್ತು.

"ಇದೇನು ಕೆಂಪು?"

ಅವನು ಲೋಟ ಕೆಳಗಿಟ್ಟ. ಬಾಯಿ ತೆರೆದ. ಅವಳು ಅವನಿಗಾಗಿ ಕಾಯಲಿಲ್ಲ. ನೀಲಿ ಚುಕ್ಕಿಯದ್ದನ್ನೊಂದೇ ಒಳಗಿಟ್ಟು ಯಂತ್ರ ಶುರು ಮಾಡಿದಳು. ಕುರ್ಚಿಯ ಮೇಲೆ ಕೂತು, ಅವನ ಹಡಗಿನಲ್ಲಿ, ಅವನ ಗೂಬೆ ಟೋಪಿ ಹಾಕಿಕೊಂಡು, ಬಿರುಗಾಳಿಯಿರುವ ಕಡಲಿಗೆ ನೇರ ಹೋದಳು. ಹಡಗು ತಡೆತಡೆದು ಕುಂಟುತ್ತ ಸಾಗಿತು. ಮಳೆ ಬಂತು, ಮಿಂಚು ಬಂತು. ಐದು ನಿಮಿಷ, ಹತ್ತು ನಿಮಿಷ, ಇಪ್ಪತ್ತು. ಪರದೆ ಕಪ್ಪಾಗಲಿಲ್ಲ. ಅವನು ಅವಳ ಬೆನ್ನ ಹಿಂದೆ ನಿಂತು ಪರದೆಯನ್ನು ನೋಡುತ್ತಿದ್ದ. ತನ್ನ ಜೀವಮಾನದಲ್ಲಿ ಯಾವುದನ್ನೂ ಇಷ್ಟು ತೀವ್ರವಾಗಿ ಕೆಡಲಿ ಎಂದು ಬೇಡಿಕೊಂಡಿರಲಿಲ್ಲ. ಕೊನೆಗೆ ಮೋಡ ಹರಿಯಿತು.

"ಗೊತ್ತಿತ್ತು ನಿಮಗೆ," ಎಂದಳು ತಿರುಗದೆ.

"ಹ್ಞೂಂ."

"ಯಾವಾಗಿಂದ?"

"ಎರಡೂವರೆ ವಾರ."

"ನಾನು ಬೋರ್ಡಿಗೆ ನಾಲ್ಕು ಜನರ ಹತ್ರ ಬೇಡಿದೆ. ಇವತ್ತಿನ ಫೀಲ್ಡ್ ಡ್ಯೂಟಿ ಬೇರೆಯವಳ ತಲೆಗೆ ಕಟ್ಟಿ ಬಂದಿದೀನಿ. ಅಮ್ಮಂಗೆ ಸುಳ್ಳು ಹೇಳಿದೀನಿ." ಈಗ ತಿರುಗಿದಳು. ಕಣ್ಣಲ್ಲಿ ನೀರು ಅಲ್ಲ, ಸಿಟ್ಟು. "ಯಾಕೆ?"

"ಸರಿ ಹೋದ್ರೆ ನೀನು ಮಾತಾಡಲ್ಲ."

ಐವತ್ತು ವರ್ಷದವನ ಬಾಯಿಂದ ಅದು ಐದು ವರ್ಷದವನ ಮಾತಿನಂತೆ ಬಂತು. ಅವನಿಗೇ ಕೇಳಿ ನಾಚಿಕೆಯಾಯಿತು.

"ಸುಮ್ನೆ ಫೋನ್ ಮಾಡಬಹುದಿತ್ತಲ್ಲ?"

"ಏನು ಅಂತ?"

"ಏನಾದ್ರೂ. ಹೇಗಿದೀಯ ಅಂತ."

"ಯಾರು ಅಂತ ಮಾಡ್ಲಿ?"

ಅವಳು ಟೀ ಲೋಟ ಎತ್ತಿಕೊಂಡಳು, ಒಂದು ಗುಟುಕು ಕುಡಿದು ಮುಖ ಹಿಂಡಿದಳು, ಅಷ್ಟು ಸಿಹಿಯಿತ್ತು. ಆದರೂ ಇನ್ನೊಂದು ಗುಟುಕು ಕುಡಿದಳು. "ನೀವು ಮನೆ ಬಿಟ್ಟ ದಿನ ನಮಗೆ ಕೊನೇ ಪೀರಿಯಡ್ ಇರಲಿಲ್ಲ," ಎಂದಳು. "ಬೇಗ ಬಂದಿದ್ದೆ. ನೀವು ಸೂಟ್‌ಕೇಸ್ ಕಾರಿಗೆ ಹಾಕ್ತಾ ಇದ್ರಿ. ಒಂದು ಒಳಗೆ ಕೂರ್ಲಿಲ್ಲ ಅಂತ ಮತ್ತೆ ತೆಗೆದು ಅಡ್ಡ ಇಟ್ರಿ. ನಾನು ಔಷಧಿ ಅಂಗಡಿ ಪಕ್ಕ ನಿಂತಿದ್ದೆ."

"ಕರೀಬೇಕಾಗಿತ್ತು."

"ಏನು ಅಂತ ಕರೀಲಿ?" ಎಂದಳು. "ಬೇಗ ಹೋಗ್ಲಪ್ಪ ಅಂತ ಕಾಯ್ತಿದ್ದೆ. ನೀವು ತಿರುಗಿ ನೋಡಿ ನನ್ನ ಕಂಡುಬಿಟ್ರೆ ಏನು ಮಾಡೋದು ಅಂತ. ಹೋದ ಮೇಲೆ ಅಲ್ಲೇ ನಿಂತಿದ್ದೆ, ಮಾಮೂಲಿ ಟೈಮ್ ಆಗೋವರೆಗೂ. ಅಮ್ಮಂಗೆ ಇವತ್ತಿಗೂ ಗೊತ್ತಿಲ್ಲ."

ಆರು ವರ್ಷ ಅವನು ಆ ಮಧ್ಯಾಹ್ನವನ್ನು ಯಾರೂ ನೋಡದ ತಪ್ಪು ಎಂದು ಹೊತ್ತಿದ್ದ. ಯಾರೂ ನೋಡದ್ದು ಎಂಬುದೇ ಅದರಲ್ಲಿದ್ದ ಒಂದೇ ಸಮಾಧಾನ. ಈಗ ಅದೂ ಹೋಯಿತು. ಔಷಧಿ ಅಂಗಡಿಯ ಪಕ್ಕ ಶಾಲೆಯ ಚೀಲ ಹೊತ್ತು ಒಂದು ಗಂಟೆ ನಿಂತ ಹದಿನೈದರ ಹುಡುಗಿ ಕಣ್ಣಿಗೆ ಬಂದಳು. ತಾನು ಆ ಸೂಟ್‌ಕೇಸನ್ನು ಅಡ್ಡ ಇಟ್ಟದ್ದು, ಕಾರಿನ ಡಿಕ್ಕಿ ಮುಚ್ಚಿ ಒಮ್ಮೆ ಅಂಗೈಯಿಂದ ತಟ್ಟಿದ್ದು, ಎಲ್ಲವೂ ಅವಳ ಕಡೆಯಿಂದ ಕಂಡಿತು. ಕ್ಷಮೆ ಕೇಳಬೇಕೆನಿಸಿತು. ಆ ಮಾತನ್ನು ಅವನು ಅವಳಿಗೆ ಪ್ರತಿ ಶನಿವಾರ ಹಡಗು ಮುಳುಗಿದಾಗಲೆಲ್ಲ ಹೇಳಿ ಸವೆಸಿಬಿಟ್ಟಿದ್ದ. "ಊಟ ಮಾಡ್ಕೊಂಡು ಹೋಗು," ಎಂದ.

ಉಂಡಳು. ಅನ್ನ ಮೆತ್ತಗಾಗಿತ್ತು. ಎರಡು ಗಂಟೆಯ ಬಸ್ಸಿಗೆ ಅವನೂ ನಿಲ್ದಾಣದವರೆಗೆ ಹೋದ. ರಟ್ಟಿನ ಡಬ್ಬಿ ಹಿಡಿಯುತ್ತೇನೆಂದರೆ ಅವಳು ಕೊಡಲಿಲ್ಲ. ಬಸ್ಸು ಬಂದು ನಿಂತ ಮೇಲೆ, ಮೆಟ್ಟಿಲಿಗೆ ಒಂದು ಕಾಲಿಟ್ಟು, "ಇನ್ನೊಂದು ವಿಷಯ," ಎಂದಳು. "ಆ ಆಟ ನನಗೆ ಬೇಜಾರಾಗಿ ಒಂದು ವರ್ಷದ ಮೇಲಾಯ್ತು. ನೀವೊಬ್ರೇ ಇರ್ತೀರಲ್ಲ ಅಂತ ಬರ್ತಿದ್ದೆ. ಇನ್ನು ಬರಲ್ಲ." ಅವನು ಹ್ಞೂಂ ಎಂದ. "ನಂಗೆ ಇನ್ನೂ ಸಿಟ್ಟಿದೆ," ಎಂದಳು. ಅವನು ಅದಕ್ಕೂ ಹ್ಞೂಂ ಎಂದ. ಬಸ್ಸು ಹೋಯಿತು. ಯಾವ ಕಿಟಕಿಯಲ್ಲಿ ಕೂತಳೆಂದು ಅವನಿಗೆ ಕಾಣಲಿಲ್ಲ. ಬಸ್ಸಿನ ಉದ್ದಕ್ಕೂ ಅಂದಾಜಿನಲ್ಲಿ ಕೈಬೀಸಿದ. ಯಾರೋ ಗೊತ್ತಿಲ್ಲದ ಹೆಂಗಸೊಬ್ಬಳು ತಿರುಗಿ ಕೈಬೀಸಿದಳು.

ಮುಂದಿನ ಶನಿವಾರ ನಾಲ್ಕು ಗಂಟೆಗೆ ಮನೆ ಬಹಳ ಚೊಕ್ಕಟವಾಗಿತ್ತು. ಬೆಳಗಿನಿಂದ ಕಣ್ಣಿಗೆ ಬಿದ್ದದ್ದನ್ನೆಲ್ಲ ಒಗೆದಿದ್ದ, ಒರೆಸಿದ್ದ. ಕಂಪ್ಯೂಟರ್ ಹಾಕಲಿಲ್ಲ. ಒಂದು ಚೀಟಿಯಲ್ಲಿ ಮಾತಾಡಬೇಕಾದ ವಿಷಯ ಬರೆದುಕೊಂಡು ಕೂತ. ಒಂದು, ಕಾಲು ಉಳುಕಿದ್ದು ವಾಸಿಯಾಯಿತೇ. ಎರಡು, ಹಾಸ್ಟೆಲ್. ಮೂರನೆಯದು ಹೊಳೆಯಲಿಲ್ಲ. ಓದಿಕೊಂಡರೆ ಆಸ್ಪತ್ರೆಯಲ್ಲಿ ರೋಗಿಗಳಿಗೆ ಕೇಳುವ ಪ್ರಶ್ನೆಗಳಂತಿತ್ತು. ಚೀಟಿ ಮಡಿಸಿಟ್ಟ. ನಾಲ್ಕೂಕಾಲಾಯಿತು, ನಾಲ್ಕೂವರೆಯಾಯಿತು. ಫೋನ್ ಮಾಡಿದ. ಐದು ಸಲ ಬಡಿದುಕೊಂಡ ಮೇಲೆ ಅವಳು ಎತ್ತಿದಳು. ಹಿಂದೆ ನೀರು ಬೀಳುವ ಸದ್ದು, ಪಾತ್ರೆಗಳ ಸದ್ದು.

"ಏನು, ಈಗೇನು ಕೆಟ್ಟಿತು?" ಎಂದಳು.

"ಏನೂ ಕೆಟ್ಟಿಲ್ಲ."

ನೀರು ಬೀಳುತ್ತಲೇ ಇತ್ತು. ಇಟ್ಟುಬಿಡುತ್ತಾಳೆ ಎನಿಸಿತು. ಗೋಡೆ ನೋಡಿದ, ಕಿಟಕಿ ನೋಡಿದ.

"ಇವತ್ತು ಕಿಟಕಿ ಕರ್ಟನ್ ಒಗೆದೆ," ಎಂದ.

"ಹ್ಞೂಂ."

"ಬಣ್ಣ ಬಿಟ್ಟುಬಿಡ್ತು. ಜೊತೆಗೇ ನೆನೆಹಾಕಿದ್ದೆ, ಡ್ಯೂಟಿಗೆ ಹಾಕ್ಕೊಳೋ ಮೂರು ಬಿಳೀ ಅಂಗಿ ಇತ್ತು. ಮೂರೂ ಹಸಿರಾಗಿದೆ."

ಅವಳು ನಗಲಿಲ್ಲ. ಒಂದು ಪಾತ್ರೆ ಇಟ್ಟ ಸದ್ದಾಯಿತು. ಆಮೇಲೆ ನಲ್ಲಿ ನಿಂತಿತು.

"ಎಷ್ಟು ಹಸಿರು?" ಎಂದಳು.